ರೊಡ್ಡಗೈಯವನ ಚಿಲಕದ ಬಂದೂಕು

ದುರುಗೇಶ್ ಮೊದಲ ಸಲ ಉಚ್ಚೆಂಗಮ್ಮನ ಕಟ್ಟೆಗೆ ಬಂದ ದಿನ ಅವಳು ಕೌದಿಯೊಂದರ ಅಂಚಿಗೆ ನೀಲಿ ಪಟ್ಟಿ ಕೂಡಿಸುತ್ತಿದ್ದಳು. ಬುಕ್ಕಸಾಗರದಲ್ಲಿ ಭತ್ತದ ಕೊಯ್ಲು ಮುಗಿದಿತ್ತು. ಊರ ಹೆಂಗಸರು ಹಳೇ ಸೀರೆ, ಹಳೇ ಧೋತರ ಗಂಟು ಕಟ್ಟಿಕೊಂಡು ಬಂದು ಕೌದಿ ಹೊಲಿಯಲು ಅವಳ ಪಡಸಾಲೆಯಲ್ಲಿ ಹಾಕಿ ಹೋಗುವ ಕಾಲ ಅದು. ಹಾಗಾಗಿ ಬಗಲಲ್ಲಿ ಹಸಿರು ಮಿಲ್ಟ್ರಿ ಪ್ಯಾಂಟು ಒತ್ತಿಕೊಂಡು ಬಂದ ಗಂಡಸನ್ನು ನೋಡಿ ಅವಳು ಸೂಜಿ ನಿಲ್ಲಿಸಿದಳು. ಕೌದಿ ಹೊಲಿಸಲು ಗಂಡಸರು ಬರುವುದಿಲ್ಲ.

"ಉಚ್ಚೆಂಗಮ್ಮಾರು ಅಂದ್ರ ನೀವೇನ್ರಿ?"

"ನಾನೇ. ಬರ್ರಿ, ಕುಂದ್ರಿ. ಯಾರ ಪೈಕಿ ನೀವು?"

"ಸುಮಂಗಲಾನ ಗಂಡ ಅತ್ತಿ ನಾನು. ಕಂಪ್ಲಿಯಾವ."

"ಓಹೋ, ಮಿಲ್ಟ್ರಿ ಅಳಿಯಾರು! ನಿಮ್ಮ ಮದುವಿಗೆ ನನಗ ಬರಾಕ ಆಗಲಿಲ್ಲ ನೋಡ್ರಿ. ಕಣ್ಣಿನ ಆಪರೇಷನ್ ಮಾಡಿ ಕರೇ ಕನ್ನಡಕ ಹಾಕಿ ಕುಂದ್ರಿಸಿದ್ರು. ಏನ್ ಹೊಲೀಬೇಕು?"

ಅವನು ಎರಡೂ ಕೈಯಲ್ಲಿ ಅಳತೆ ತೋರಿಸಿದ. ಗೇಣುದ್ದ, ಅದಕ್ಕಿಂತ ತುಸು ಕಡಿಮೆ ಅಗಲ. ಆ ಪ್ಯಾಂಟಿನ ಬಟ್ಟೆಯಲ್ಲೇ ಒಂದು ಸಣ್ಣ ದಿಂಬು. ಒಳಗೆ ಹತ್ತಿ ಬೇಡ, ಸಣ್ಣ ಕಾಳು ತುಂಬಬೇಕು. ಮೇಲೆ ಇಟ್ಟದ್ದು ಅಲ್ಲಾಡಬಾರದು.

ಉಚ್ಚೆಂಗಮ್ಮನ ಮುಖ ಅರಳಿತು. ಹುಟ್ಟಿದ ಕೂಸಿನ ತಲೆ ದುಂಡಗಾಗಲಿ ಅಂತ ರಾಗಿ ತುಂಬಿದ ದಿಂಬು ಮಾಡುತ್ತಾರಲ್ಲ, ಅಂಥವನ್ನು ಈ ಓಣಿಯಲ್ಲಿ ಎಷ್ಟೋ ಮನೆಗೆ ಅವಳೇ ಹೊಲಿದು ಕೊಟ್ಟಿದ್ದಳು.

"ಅಯ್ಯ ನನ್ನ ಶಿವನೇ! ಹೆಣ್ಣೋ ಗಂಡೋ? ಮೊನ್ನಿ ನೀರಿಗೆ ಬಂದಾಗ ಸುಮಂಗಲಾನ ಹೊಟ್ಟಿ ಕಾಣಲೇ ಇಲ್ಲಲ್ಲ ನನಗ. ಆಪರೇಷನ್ ಮಾಡಿದ ಡಾಕ್ಟ್ರನ್ನ ಹಿಡಿದು ಬೈಬೇಕು!"

ದುರುಗೇಶ್ ಕಿವಿಯವರೆಗೆ ಕೆಂಪಾದ. "ಕೂಸಿಗಲ್ಲ ಅತ್ತಿ. ಬಂದೂಕಿಗೆ."

"ಬಂದೂಕಿಗೆ ದಿಂಬ? ಯಾಕ, ಅದು ಬಾಳಂತನಕ್ಕ ಬಂದೈತೇನು?"

ಎದುರು ಮನೆಯ ಜಗುಲಿಯಲ್ಲಿ ಕಟ್ಟಿಗೆ ಕೆತ್ತುತ್ತಿದ್ದ ಬಡಿಗೇರ ಸುಂಕಪ್ಪ ಉಳಿ ಕೆಳಗಿಟ್ಟು ನಕ್ಕ. ಆಮೇಲೆ ದುರುಗೇಶನಿಗೂ ನಗು ಬಂತು. ನಗುವಾಗ ಅವನು ಬಾಯಿಗೆ ಎಡಗೈ ಅಡ್ಡ ಹಿಡಿದದ್ದನ್ನು ಉಚ್ಚೆಂಗಮ್ಮ ಕಂಡಳು.

"ರೊಡ್ಡ ಏನು ನೀವು?"

"ಹೂಂ ಅತ್ತಿ," ಅಂದ ಅವನು. "ಅದೇ ಈಗ ತ್ರಾಸಾಗಿರೋದು."

ಅವನ ತ್ರಾಸು ಏನು ಅಂತ ಅವಳಿಗೆ ಪೂರ್ತಿ ತಿಳಿಯಲು ನಾಲ್ಕಾರು ದಿನ ಬೇಕಾಯಿತು. ಅವನು ಒಂದೇ ಉಸಿರಿಗೆ ಹೇಳುವ ಮನುಷ್ಯನಲ್ಲ. ಪ್ಯಾಂಟಿನ ಹೊಲಿಗೆ ಬಿಚ್ಚುತ್ತಾ, ಚಹಾ ಕುಡಿಯುತ್ತಾ, ಕೇಳಿದಷ್ಟಕ್ಕೆ ಹೇಳುತ್ತಾ ಹೋದ.

ಅವನ ತಂದೆ ಕಂಪ್ಲಿಯಲ್ಲಿ ಲಾರಿಗೆ ಬಾಳೆಗೊನೆ ಹೇರುವ ಹಮಾಲಿ. ದುರುಗೇಶ್ ಹುಟ್ಟಾ ರೊಡ್ಡ. ಉಣ್ಣಲು ಕೂತರೆ ಎಡಗೈ ಮುಂದೆ ಬರುತ್ತಿತ್ತು. ಅವನ ಅಜ್ಜಿ ತನ್ನ ಸೀರೆಯ ಅಂಚು ಹರಿದು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಹೀಗಾಗಿ ಊಟಕ್ಕೆ, ನಮಸ್ಕಾರಕ್ಕೆ, ಬರೆಯುವುದಕ್ಕೆ ಬಲಗೈ ಬಂತು. ಆದರೆ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕಳಿಸಿದಾಗ ಅಜ್ಜಿ ಅಲ್ಲಿರಲಿಲ್ಲವಲ್ಲ. ಕವಣೆ ಬೀಸಲು ಅವನು ಎಡಗೈಯನ್ನೇ ಬಳಸಿದ. ಮರದ ಇಂಥ ಕೊಂಬೆಗೆ ಅಂತ ಮೊದಲೇ ಹೇಳಿ ಅದಕ್ಕೇ ಕಲ್ಲು ಹೊಡೆಯುತ್ತಿದ್ದನಂತೆ. ಪಿಯುಸಿ ಮುಗಿದ ವರ್ಷ ಸೇನೆಯ ಭರ್ತಿಗೆ ಹೋಗಿ ಓಡಿದ, ಸೇರಿಕೊಂಡ. ಬಂದೂಕು ಕಲಿಸುವ ಉಸ್ತಾದ ಇವನ ಗುರಿ ನೋಡಿ, ಎಡಗೈ ಎಡಭುಜ ಇದ್ದರೆ ಇರಲಿ ಅಂತ ಬಿಟ್ಟುಬಿಟ್ಟನಂತೆ. ಮುಂದೆ ಅವನನ್ನು ಆರಿಸಿ ಸ್ನೈಪರ್ ಕೆಲಸ ಕಲಿಸಿದರು. ದೂರದಲ್ಲಿ ಅಡಗಿ ಮಲಗಿ ಕಾಯ್ದು, ಒಂದೇ ಗುಂಡು ಹೊಡೆಯುವ ಕೆಲಸ. ಇಬ್ಬರು ಇರುತ್ತಾರೆ. ಒಬ್ಬನ ಕೈಯಲ್ಲಿ ಬಂದೂಕು. ಇನ್ನೊಬ್ಬ ಪಕ್ಕದಲ್ಲಿ ದುರ್ಬೀನು ಹಿಡಿದು ದೂರ ಎಷ್ಟು, ಗಾಳಿ ಎತ್ತ ಬೀಸುತ್ತಿದೆ ಅಂತ ಹೇಳುತ್ತಾನೆ. ಇವನ ಜೋಡಿಗಾರ ಬೆಳಗಾವಿ ಕಡೆಯವನು.

"ಇಷ್ಟು ವರ್ಷ ನನ್ನ ಕೈಯಾಗ ಇದ್ದದ್ದು ರಷ್ಯಾದ ಬಂದೂಕು ಅತ್ತಿ. ಒಂದು ಗುಂಡು ಹೊಡೆದ್ರ ಎರಡನೇದು ತಾನೇ ಏರಿ ಕುಂದ್ರತಿತ್ತು. ನಾ ಕೈ ಎತ್ತೋದೇ ಬ್ಯಾಡ. ಈಗ ಹೊಸಾದು ಬಂದೈತಿ. ಅದು ಬೋಲ್ಟಿಂದು."

"ಬೋಲ್ಟ್ ಅಂದ್ರ?"

ಅವನು ಅತ್ತಿತ್ತ ನೋಡಿ ಅವಳ ಮನೆಯ ಬಾಗಿಲ ಬಳಿ ಹೋದ. ಬಾಗಿಲ ಹಿಂದಿನ ಕಬ್ಬಿಣದ ಚಿಲಕದ ಹಿಡಿ ಹಿಡಿದು ಮೇಲೆತ್ತಿದ, ಹಿಂದಕ್ಕೆ ಎಳೆದ, ಮುಂದಕ್ಕೆ ನೂಕಿದ, ಕೆಳಗಿಳಿಸಿದ. "ಇದೇ ನೋಡ್ರಿ. ಎತ್ತಿ ಎಳೆದ್ರ ಖಾಲಿ ತೋಟಾ, ಗುಂಡಿನ ಹಿತ್ತಾಳಿ ಕೊಳವಿ, ಹೊರಗ ಬರ್ತೈತಿ. ನೂಕಿ ಇಳಿಸಿದ್ರ ಹೊಸಾದು ಒಳಗ ಹೋಗ್ತೈತಿ. ಪ್ರತಿ ಗುಂಡಿಗೂ ಕೈಯಿಂದ ಮಾಡ್ಬೇಕು."

"ಚಿಲಕ ಅನ್ರಿ ಮತ್ತ. ಬೋಲ್ಟು ಬೋಲ್ಟು ಅಂತೀರಿ."

ಅಂದಿನಿಂದ ಆ ಓಣಿಯಲ್ಲಿ ಹೊಸದಕ್ಕೆ ಚಿಲಕದ ಬಂದೂಕು ಅಂತಲೇ ಹೆಸರಾಯಿತು. ಹಳೆಯದಕ್ಕೆ ಬ್ಯಾಂಕಿನ ಬಾಗಿಲು ಅಂತ ಸುಂಕಪ್ಪ ಹೆಸರಿಟ್ಟ. ಬಿಟ್ಟ ಕೂಡಲೆ ತಾನೇ ಬಂದು ಮುಚ್ಚಿಕೊಳ್ಳುತ್ತದಲ್ಲ, ಹೊಸಪೇಟೆಯ ಬ್ಯಾಂಕಿನ ಗಾಜಿನ ಬಾಗಿಲು, ಹಾಗೆ.

"ತಾನೇ ಮುಚ್ಚೋ ಬಾಗಿಲು ಇರುವಾಗ ಚಿಲಕದ್ದು ಯಾಕ ತಂದ್ರು?" ಅಂತ ಉಚ್ಚೆಂಗಮ್ಮ ಕೇಳಿದಳು. ಅವಳಿಗೆ ಅದು ಬಗೆಹರಿಯಲಿಲ್ಲ.

ಅದಕ್ಕೂ ಅವನು ಹೇಳಿದ. ತಾನೇ ತುಂಬಿಕೊಳ್ಳುವ ಬಂದೂಕಿನಲ್ಲಿ ಗುಂಡು ಹಾರುವಾಗಲೇ ಒಳಗಿನ ಕಬ್ಬಿಣವೂ ಸರಿದಾಡಲು ಶುರುಮಾಡುತ್ತದೆ. ಹತ್ತಿರಕ್ಕೆ ಅದು ಗೊತ್ತಾಗುವುದಿಲ್ಲ, ಬಹಳ ದೂರಕ್ಕೆ ಗೊತ್ತಾಗುತ್ತದೆ. ಚಿಲಕದ್ದು ಗುಂಡು ಹೋಗಿ ಮುಗಿಯುವ ತನಕ ಕಲ್ಲಿನ ಹಾಗೆ ಇರುತ್ತದೆ. ಇನ್ನೊಂದು, ಹಳೆಯದು ಹಿತ್ತಾಳೆ ತೋಟಾವನ್ನು ಹೊರಗೆ ಚಿಮ್ಮುತ್ತದೆ. ಬಿಸಿಲಿಗೆ ಅದು ಫಳ್ಳಂತ ಹೊಳೆದರೆ ಅಡಗಿರುವ ಜಾಗ ವೈರಿಗೆ ಗೊತ್ತಾಯಿತು ಅಂತಲೇ. ಚಿಲಕದ್ದನ್ನು ಮೆಲ್ಲಗೆ ಎಳೆದು ತೋಟಾ ಕೈಯಲ್ಲೇ ಹಿಡಿದುಕೊಳ್ಳಬಹುದು. ಎಡಭುಜದಿಂದ ಹೊಡೆಯುವ ಇವನಿಗೆ ಹಳೆಯದರ ಬಿಸಿ ತೋಟಾ ಮುಖದ ಮುಂದೆಯೇ ಹಾರುತ್ತಿತ್ತು. ಅದಕ್ಕೆ ಅವನು ಒಗ್ಗಿಹೋಗಿದ್ದ.

"ಮತ್ತ ಹೊಸಾದೇ ಚಲೋ ಅಲ್ಲ?"

"ಎರಡೂ ಚಲೋನೇ ಅತ್ತಿ. ಎದುರಿಗೆ ಮೂರು ಮಂದಿ ಒಮ್ಮೆಲೆ ಬಂದ್ರ ಹಳೇದು ಚಲೋ. ದೂರ ಒಬ್ಬನೇ ನಿಂತಿದ್ರ ಹೊಸಾದು. ಆದ್ರ ಚಿಲಕ ಬಲಕ್ಕೈತಿ. ಲೋಕಕ್ಕೆಲ್ಲ ಬಲಗೈ. ನನ್ನೊಬ್ಬನಿಗೆ ಎಡಕ್ಕ ಚಿಲಕ ಹಾಕಿ ಯಾರ್ ಕೊಡ್ತಾರ?"

ರಜೆ ಮುಗಿಸಿ ಹೋದ ಕೂಡಲೆ ಪರೀಕ್ಷೆ ಇತ್ತು. ಹೊಸ ಬಂದೂಕಿನಲ್ಲಿ ಕೈ ಕುದುರಿದರೆ ಬಂದೂಕು ಅವನದೇ. ಇಲ್ಲದಿದ್ದರೆ ಬೇರೆಯವನ ಪಾಲು. ಬಲಭುಜಕ್ಕೆ ಬದಲಾಗು ಅಂತ ಸಾಹೇಬರು ಹೇಳಿದ್ದರು. ಅದನ್ನೂ ಮಾಡಿ ನೋಡಿದ್ದ. ಅವನ ನೋಟ ಇರುವುದೇ ಎಡಗಣ್ಣಿನಲ್ಲಿ. ಬಲಗಣ್ಣಿನಿಂದ ಹೊಡೆದರೆ ಗುಂಡುಗಳು ಕಾಳು ಚೆಲ್ಲಿದ ಹಾಗೆ ಬೀಳುತ್ತಿದ್ದವು.

ಸುಮಂಗಲಾಗೆ ಬೇರೆಯದೇ ಆಸೆ. ಅವಳ ಅಣ್ಣ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುತ್ತಾನೆ. "ಬಂದೂಕು ಹೋದ್ರ ಹೋಗ್ಲಿ ಬಿಡು ಅತ್ತಿ," ಅಂತ ಅವಳು ಉಚ್ಚೆಂಗಮ್ಮನ ಮುಂದೆ ಹೇಳಿದಳು. "ಪಿಂಚಣಿ ಬರೋತನ ಬ್ಯಾರೆ ಕೆಲ್ಸ ಮಾಡ್ಲಿ, ಆಮ್ಯಾಲೆ ಗಣಿಯಾಗ ಸೆಕ್ಯೂರಿಟಿ ಸೇರ್ಲಿ. ಕ್ವಾರ್ಟರ್ಸ್ ಸಿಗ್ತಾವಂತ. ಇವಗ ಹೇಳಿದ್ರ ಗೋಡಿಗೆ ಹೇಳಿದಂಗ."

ಗೋಡೆ ಅಲ್ಲೇ ಕೂತಿತ್ತು. "ಸೆಕ್ಯೂರಿಟಿಯಾಗ ಗೇಟಿನ ಚಿಲಕ ತೆಗಿಯೋದು ಹಾಕೋದು," ಅಂದಿತು. "ಅದ್ಕೂ ಇದೇ ಪ್ರಾಕ್ಟೀಸು."

ಸುಂಕಪ್ಪ ಬೇವಿನ ಹಲಗೆಯಲ್ಲಿ ಬಂದೂಕಿನ ಆಕಾರ ಕೆತ್ತಿಕೊಟ್ಟ. ಹೊಸಪೇಟೆಯಿಂದ ಒಂದು ದೊಡ್ಡ ಬಾಗಿಲ ಚಿಲಕ ತಂದು ಅದರ ಬಲಕ್ಕೆ ಮೊಳೆ ಹೊಡೆದ. ಮುಂದೆ ಎರಡು ಕಾಲು. ಅದನ್ನು ಹೆಗಲ ಮೇಲಿಟ್ಟುಕೊಂಡು ದುರುಗೇಶ್ ಬೆಳಗಾಗುತ್ತಲೇ ಬಾಳೆತೋಟದ ಮೇಲಿನ ಚಪ್ಪಡಿ ಬಂಡೆಗೆ ಹೋಗುವನು. ಬೋರಲು ಮಲಗುವನು. ಗುರಿ ಹಿಡಿಯುವನು. ಚಿಲಕ ಎತ್ತಿ, ಎಳೆದು, ನೂಕಿ, ಇಳಿಸುವನು. ಮತ್ತೆ ಅದೇ.

"ಲೇ ಅಳಿಯಾ," ಅಂತ ಸುಂಕಪ್ಪ ಕೆಳಗಿನಿಂದ ಕೂಗುವನು, "ಚಿಲಕ ಹಾಕಾಕ ಹತ್ತಿ, ಬಾಗಿಲು ಎಲ್ಲೈತಲೇ?"

ಉಚ್ಚೆಂಗಮ್ಮ ಮೊದಲ ದಿಂಬನ್ನು ಕೂಸಿನ ದಿಂಬಿನ ಹಾಗೇ ಹೊಲಿದಳು, ರಾಗಿ ತುಂಬಿ. ಅವನು ಬಂಡೆಗೆ ಒಯ್ದು ಅದೇ ಬಿಸಿಲಿಗೆ ತಿರುಗಿ ಬಂದ. "ಕುಸೀತೈತಿ ಅತ್ತಿ." ಕುಸಿಯುವುದು ಹೇಗೆ ಅಂತ ಅವಳಿಗೆ ಅವನ ಮಾತಿನಿಂದ ತಿಳಿಯಲಿಲ್ಲ. ಬಂಡೆಗೇ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು.

ನೋಡಿದ ಮೇಲೆ ತಿಳಿಯಿತು. ಬಂದೂಕಿನ ಮುಂಭಾಗ ಕಾಲಿನ ಮೇಲೆ, ಹಿಂಭಾಗ ದಿಂಬಿನ ಮೇಲೆ. ಎಡಗೈ ಕುದುರೆ ಮೇಲೆ, ಗುಂಡು ಬಿಡುವ ಆ ಕೊಕ್ಕೆಗೆ ಅವನು ಕುದುರೆ ಅನ್ನುತ್ತಿದ್ದ. ಬಲಗೈ ದಿಂಬನ್ನು ಹಿಸುಕಿ ಹಿಡಿದಿರುತ್ತದೆ, ತುಸು ಎತ್ತರ ತುಸು ತಗ್ಗು ಮಾಡಲು. ಗುಂಡು ಹೊಡೆದ ಮೇಲೆ ಅದೇ ಬಲಗೈ ಚಿಲಕಕ್ಕೆ ಹೋಗಬೇಕು. ಕೈ ತೆಗೆದ ಕೂಡಲೆ ರಾಗಿ ನೀರಿನ ಹಾಗೆ ಹರಿದು ಬಂದೂಕು ಕೆಳಗಿಳಿಯುತ್ತದೆ. ಅಂದರೆ ಕೈ ಇಲ್ಲದಾಗಲೂ ಕೈ ಹಿಡಿದ ಹಾಗೆ ಇರುವ ದಿಂಬು ಬೇಕು.

ರಾಗಿ ದುಂಡಗಿದೆ, ಅದಕ್ಕೇ ಹರಿಯುತ್ತದೆ. ಮರಳು ತುಂಬಿದಳು. ಗಟ್ಟಿಯಾಗಿ ನಿಂತಿತು, ಆದರೆ ಗುಡ್ಡ ಹತ್ತುವವನಿಗೆ ಅಷ್ಟು ಭಾರ ಯಾಕೆ ಅಂತ ಅವನು ಒಲ್ಲೆ ಅಂದ. ಭತ್ತದ ಹೊಟ್ಟು ಹಗುರ, ಮಾತು ಕೇಳುವುದಿಲ್ಲ. ಕಡೆಗೆ ಅಕ್ಕಿ ನುಚ್ಚು ತುಂಬಿದಳು. ನುಚ್ಚಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಹುಳ ಬೀಳದಿರಲಿ ಅಂತ ಒಣಗಿದ ಬೇವಿನೆಲೆ ತಿಕ್ಕಿ ಬೆರೆಸಿದಳು. ನಡುವೆ ಕೌದಿಯ ಹೊಲಿಗೆ ಹಾಕಿ ಎರಡು ಗುಡ್ಡ ಒಂದು ಕಣಿವೆಯ ಹಾಗೆ ಮಾಡಿದಳು. ಬಂದೂಕು ಕಣಿವೆಯಲ್ಲಿ ಕೂರಬೇಕು. ಅವಳ ಮನೆತನದಲ್ಲಿ ಕೌದಿ ಖಾಲಿ ಹೊಟ್ಟೆಯಲ್ಲಿ ಇರಬಾರದು ಅಂತ ಕೊನೇ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವ ರೂಢಿ. ಹೊಟ್ಟೆ ತುಂಬ ನುಚ್ಚಿದ್ದ ಇದಕ್ಕೆ ಅದು ಬೇಕಾಗಲಿಲ್ಲ.

ಆ ದಿಂಬಿನ ಮೇಲೆ ಚಿಲಕ ಹಾಕಿ ತೆಗೆದರೂ ಹಲಗೆ ಕದಲಲಿಲ್ಲ. ದುರುಗೇಶ್ ಮಲಗಿದಲ್ಲೇ ನಕ್ಕ. ಬಲಗೈಯವನಾದರೆ ಕುದುರೆ ಮೇಲಿನ ಕೈಯನ್ನೇ ತೆಗೆದು ಚಿಲಕಕ್ಕೆ ಹೋಗಿ ಮತ್ತೆ ಕುದುರೆಗೆ ಬರಬೇಕು. ಇವನ ಎಡಗೈ ಇದ್ದಲ್ಲೇ ಇರುತ್ತದೆ, ಬಲಗೈ ಚಿಲಕ ನೋಡಿಕೊಳ್ಳುತ್ತದೆ.

"ಅಂದ್ರ ರೊಡ್ಡ ಆಗಿದ್ದೇ ಚಲೋ ಆತು ಅನ್ನಪ್ಪ," ಅಂದಳು ಉಚ್ಚೆಂಗಮ್ಮ. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

"ಮಲಗಿದ್ರ ಚಲೋ ಅತ್ತಿ. ಕುಂತ್ರ?"

ಕೂತು ತೋರಿಸಿದ. ಮೊಣಕಾಲೂರಿ ಕೂತಾಗ ದಿಂಬು ಇಲ್ಲ, ಮುಂದಿನ ಕಾಲೂ ಇಲ್ಲ. ಬಲಗೈ ಬಂದೂಕನ್ನು ಕೆಳಗಿನಿಂದ ಎತ್ತಿ ಹಿಡಿದಿರಬೇಕು. ಚಿಲಕಕ್ಕೆ ಎಡಗೈಯನ್ನೇ ಮೇಲಿನಿಂದ ದಾಟಿಸಿ ಆಚೆಗೆ ಒಯ್ಯಬೇಕು. ಒಯ್ಯುವಾಗ ಕೆನ್ನೆ ಹಲಗೆಯಿಂದ ಎದ್ದುಬಿಡುತ್ತಿತ್ತು.

"ತಲಿ ಏಳ್ತೈತಿ ನಿಂದು."

"ಗೊತ್ತೈತಿ."

"ಮತ್ತೊಮ್ಮಿ ಮಾಡು."

ಮಾಡಿದ. ತಲೆ ಎದ್ದಿತು. ಬಿಸಿಲೇರುವ ತನಕ ಮಾಡಿದ, ಪ್ರತಿ ಸಲವೂ ಎದ್ದಿತು. ಅದಕ್ಕೆ ಹೊಲಿದುಕೊಡುವಂಥದ್ದು ಅವಳ ಹತ್ತಿರ ಏನೂ ಇರಲಿಲ್ಲ.

ಆ ವಾರವೇ ಪೊಲೀಸರು ಬಂದರು. ಹಂಪಿಯ ಗೆಸ್ಟ್‌ಹೌಸ್ ಒಂದರಲ್ಲಿ ಇಳಿದಿದ್ದ ಪರದೇಶದ ಜೋಡಿಯೊಂದು ಸೈಕಲ್ ಮೇಲೆ ಈ ಕಡೆ ಬಂದು, ಬಂಡೆ ಮೇಲೆ ಬಂದೂಕು ಹಿಡಿದು ಮಲಗಿದವನನ್ನು ಕಂಡು, ಸೈಕಲ್ಲು ಅಲ್ಲೇ ಒಗೆದು ಓಡಿತಂತೆ. ಪೇದೆ ಯಲ್ಲೇಶ್ ಬೈಕು ನಿಲ್ಲಿಸಿ ಬಾಳೆಗಿಡದ ಮರೆಯಿಂದ ಕೂಗಿದ.

"ಏಯ್! ಕೈ ಮ್ಯಾಲೆತ್ತು! ಬಂದೂಕು ಕೆಳಗಿಡು!"

"ಕೈ ಎತ್ತಿದ್ರ ಅದು ಹೆಂಗ ಕೆಳಗಿಡ್ಲಿ ಸರ?" ಅಂದ ದುರುಗೇಶ್ ಮಲಗಿದಲ್ಲಿಂದಲೇ.

ಬಂಡೆಯ ಮೇಲೆ ಪಕ್ಕದಲ್ಲೇ ಕೂತಿದ್ದ ಉಚ್ಚೆಂಗಮ್ಮ ಎದ್ದು ನಿಂತಳು. "ಯಪ್ಪಾ, ಬಾ ಮ್ಯಾಲೆ. ಅದು ಬಾಗಿಲ ಚಿಲಕ. ಇಂವ ನಮ್ಮೂರ ಅಳಿಯ."

"ಅಜ್ಜಿ, ನೀ ಸರಿ ಅತ್ಲಾಗ! ಯಾರ್ ನೀನು?"

"ನಾನಾ? ನಾ ದಿಂಬು ಹೊಲಿಯಾಕಿ."

ಯಲ್ಲೇಶನಿಗೆ ಈ ಮಾತಿನಿಂದ ಏನೂ ಉಪಯೋಗವಾಗಲಿಲ್ಲ. ಹೆದರುತ್ತಲೇ ಮೇಲೆ ಬಂದ. ದುರುಗೇಶ್ ಸೇನೆಯ ಗುರುತಿನ ಚೀಟಿ ತೋರಿಸಿದ. ಯಲ್ಲೇಶ್ ಅದನ್ನು ಎರಡೂ ಕಡೆ ನೋಡಿ, ಆಮೇಲೆ ಹಲಗೆಯನ್ನು ತಿರುಗಿಸಿ ನೋಡಿ, ಚಿಲಕವನ್ನು ಒಮ್ಮೆ ಎಳೆದು ನೂಕಿದ.

"ನಮ್ಮ ಮನಿ ಬಚ್ಚಲಕ್ಕ ಇಂಥದ್ದೇ ಐತಿ," ಅಂದ. "ಇದು ಭಾಳ ನುಣುಪೈತಿ. ಎಣ್ಣಿ ಹಾಕೀರೇನು?" ಆಮೇಲೆ ತಾನೂ ಒಮ್ಮೆ ಮಲಗಿ ನೋಡಿದ. ಎದ್ದು ಅಂಗಿ ಜಾಡಿಸಿಕೊಂಡು, ಇನ್ನು ಮುಂದೆ ರಸ್ತೆಗೆ ಕಾಣದ ಕಡೆ ಮಲಗಬೇಕು ಅಂತ ಹೇಳಿ ಹೋದ. ಬಂಡೆಯ ಆಚೆ ಬದಿಗೆ ನೆರಳು ಇರಲಿಲ್ಲ. ಉಳಿದ ದಿನಗಳೆಲ್ಲ ದುರುಗೇಶ್ ಅಲ್ಲೇ ಮಾಡಿದ.

ಹೊರಡುವ ಮುಂಚೆ ಅವಳ ಕಟ್ಟೆಗೆ ಬಂದು ಕಾಲು ಮುಟ್ಟಿದ. ದಿಂಬು ಚೀಲದಲ್ಲಿತ್ತು. ಹಲಗೆ ಬಂದೂಕನ್ನು ಸುಂಕಪ್ಪನಿಗೇ ಬಿಟ್ಟಿದ್ದ. "ಬಂದೂಕು ನನ್ನ ಕೈಯಾಗ ಉಳಿದ್ರ ಫೋನ್ ಮಾಡ್ತೀನಿ ಅತ್ತಿ," ಅಂದ.

"ಉಳೀಲಿಲ್ಲಂದ್ರ?"

"ಆಗ್ಲೂ ಮಾಡ್ತೀನಿ."

ಫೋನು ಬರಲು ಬಹಳ ದಿನ ಹಿಡಿಯಿತು. ಸುಮಂಗಲಾ ದಿನಾ ನೀರಿಗೆ ಬರುವಾಗ ತಲೆ ಅಲ್ಲಾಡಿಸಿ, ಇನ್ನೂ ಇಲ್ಲ ಅಂತ ಹೇಳಿ ಹೋಗುವಳು. ಒಂದು ಮಧ್ಯಾಹ್ನ ಕೊಡ ಇಲ್ಲದೆ ಬಂದಳು. ಕೈಯಲ್ಲಿ ಮೊಬೈಲು. "ತಗೋ ಅತ್ತಿ, ನಿನ್ನ ಕೂಡನೇ ಮಾತಾಡ್ಬೇಕಂತ," ಅಂತ ಉಚ್ಚೆಂಗಮ್ಮನ ಮುಂದೆ ಹಿಡಿದಳು. ತೆರೆಯ ಮೇಲೆ ದುರುಗೇಶನ ಮುಖ, ಹಿಂದೆ ತಗಡಿನ ಗೋಡೆ.

ಮಲಗಿ ಹೊಡೆದದ್ದರಲ್ಲಿ ಅವನೇ ಎಲ್ಲರಿಗಿಂತ ಮುಂದೆ ಇದ್ದನಂತೆ. ದಿಂಬು ನೋಡಿ ಇದೇನು ಅಂತ ಕೇಳಿದ ಸಾಹೇಬರು, ಒಳಗೆ ನುಚ್ಚು ಇದೆ ಅಂದದ್ದಕ್ಕೆ ಅಡುಗೆಮನೆಯವರಿಗೆ ಹೇಳಬೇಡ ಅಂದರಂತೆ. ಕೂತು ಹೊಡೆದದ್ದರಲ್ಲಿ ಮೊದಲ ಗುಂಡು ಸರಿ ಹೋಯಿತು, ಎರಡನೆಯದು ತಡವಾಯಿತು. ಇನ್ನೊಂದು ಅವಕಾಶ ಕೊಟ್ಟರು. ಮತ್ತೆ ತಡವಾಯಿತು. ಎಲ್ಲ ಕೂಡಿಸಿ ನೋಡಿದರೆ ಪಾಸೂ ಅಲ್ಲ, ನಪಾಸೂ ಅಲ್ಲ. ಸಾಹೇಬರು, ನೀವಿಬ್ಬರೂ ಜೋಡಿಗಾರರು, ಬಂದೂಕು ಯಾರ ಕೈಯಲ್ಲಿರಬೇಕು ನೀವೇ ಹೇಳಿ ಅಂದರಂತೆ.

"ನಿನ್ನ ಜೋಡಿಗಾರ ಏನಂದ?"

"ಅವ ನೆಲ ನೋಡ್ಕೋಂತ ನಿಂತಿದ್ದ ಅತ್ತಿ. ನನ್ನ ಮುಖನೂ ನೋಡಲಿಲ್ಲ. ನಾನು ಲೆಕ್ಕ ಹಾಕಿದೆ. ಗುಡ್ಡದಾಗ ಮಲಗಾಕ ಯಾವಾಗ್ಲೂ ಜಾಗ ಸಿಗಂಗಿಲ್ಲ. ಮೊದಲ ಗುಂಡು ತಪ್ಪಿ ಎರಡನೇದು ತಡಾದ್ರ, ಎದುರಿನವ ಹೊಡೆಯೋದು ನನ್ನ ಪಕ್ಕದಾಗ ದುರ್ಬೀನು ಹಿಡಿದವನ್ನ. ಹಳೇ ಬಂದೂಕಾಗಿದ್ರ ನಾ ಬಿಡ್ತಿರಲಿಲ್ಲ. ಇದನ್ನ ಅವಗ ಕೊಟ್ಟೆ. ದುರ್ಬೀನು ನಾ ತಗೊಂಡೆ."

"ದಿಂಬು?"

"ಅದನ್ನೂ ಕೊಟ್ಟೆ. ಅವ ಬಲಗೈಯಾವ, ದಿಂಬು ಹಿಡಿಯೋದು ಎಡಗೈಲಿ; ಅದಕ್ಕ ಹೊಲಿಗಿ ಗಂಟು ಚುಚ್ತೈತಂತ, ಬಿಚ್ಚಿ ಆ ಕಡೆ ಹಾಕಿದೆ."

ಉಚ್ಚೆಂಗಮ್ಮ ಮೊಬೈಲನ್ನು ತನ್ನ ಕೈಗೆ ತೆಗೆದುಕೊಂಡಳು. "ದುರ್ಬೀನಿನ ಕೆಲ್ಸ ಸಣ್ಣದೇನು?"

"ಸಣ್ಣದಲ್ಲ. ಗಾಳಿ ಓದೋದು ಕಷ್ಟ. ಅನುಭವ ಇದ್ದವನಿಗೇ ಅದನ್ನ ಕೊಡೋದು. ಆದ್ರ ಅದು ಬಂದೂಕಲ್ಲ ಅತ್ತಿ."

ಸುಮಂಗಲಾ ಪಕ್ಕದಲ್ಲಿ ಮೂಗು ಒರೆಸಿಕೊಂಡು, "ದೋಣಿಮಲೈ," ಅಂತ ಮೆಲ್ಲಗೆ ಅಂದಳು. ಅದು ಅವನಿಗೆ ಕೇಳಿಸಿತು. "ಅದು ಆಮ್ಯಾಲೆ ನೋಡಾಣ," ಅಂದ.

ಎದುರು ಜಗುಲಿಯಿಂದ ಸುಂಕಪ್ಪ, ಅಳಿಯನ ಫೋನು ಅಂತ ತಿಳಿದು, "ಏನಂತಲೇ ಚಿಲಕಾ, ಬಾಗಿಲು ಸಿಕ್ತೇನು?" ಅಂತ ದೊಡ್ಡದಾಗಿ ಕೂಗಿದ. ಉಚ್ಚೆಂಗಮ್ಮ ಕೈ ಬೀಸಿ ಸುಮ್ಮನಿರು ಅಂದಳು.

ಅವರನ್ನು ಇನ್ನೂ ಮೇಲಿನ ಗುಡ್ಡಕ್ಕೆ ಕಳಿಸುವವರಿದ್ದರು, ಅಲ್ಲಿ ಫೋನು ಹತ್ತುವುದಿಲ್ಲ. ಆವತ್ತಿನ ನಂತರ ಅವನು ಅವಳ ಜೊತೆ ಮಾತಾಡಿಲ್ಲ. ತಿಂಗಳಿಗೊಮ್ಮೆ, ಆರಾಮಿದ್ದಾನೆ ಅನ್ನುವ ಸುದ್ದಿ ಮಾತ್ರ ಸುಮಂಗಲಾಗೆ ಬರುತ್ತದೆ. ಆವತ್ತು ಫೋನಿಡುವ ಮುಂಚೆ, ಸುಂಕಪ್ಪನ ಕೂಗು ಅವನಿಗೂ ಕೇಳಿಸಿರಬೇಕು, ತೆರೆಯ ಹತ್ತಿರ ಮುಖ ತಂದು ಕೇಳಿದ:

"ಅತ್ತಿ, ಊರಾಗ ಕೇಳಿದ್ರ ಏನಂತ ಹೇಳ್ತಿ? ನನ್ನ ಕೈಯಿಂದ ಬಂದೂಕು ತಗೊಂಡ್ರು ಅಂತೀಯೋ, ನಾನೇ ಕೊಟ್ಟೆ ಅಂತೀಯೋ?"